ಮೂಲೆ ಮೇಜಿನ ಮತದಾನ

೩ ಫೆಬ್ರವರಿ

ತತ್ವಶಾಸ್ತ್ರ ವಿಭಾಗದ ಮುಖ್ಯಸ್ಥರೂ, ಶಿಸ್ತು ಸಮಿತಿಯ ಅಧ್ಯಕ್ಷರೂ, ಬಿಡುವಿದ್ದಾಗ ನನ್ನ ತಂದೆಯವರೂ ಆದ ತಮ್ಮ ಸನ್ನಿಧಾನಕ್ಕೆ,

ತಾವು ಸಹಿ ಹಾಕಿ ಜೂನ್ ಕೊನೆಯವರೆಗೆ ಕಾಲೇಜಿನಿಂದ ಹೊರಗಟ್ಟಿದ ವಿದ್ಯಾರ್ಥಿನಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಬದುಕಿದ್ದೇನೆ. ಅಮ್ಮನಿಗೆ ತಿಳಿಸುವುದು.

ನನ್ನ ಅಪರಾಧವನ್ನು ಇನ್ನೊಮ್ಮೆ ದಾಖಲೆಗೆ ತರುತ್ತೇನೆ. ವಿಭಾಗದ ವರಾಂಡದಲ್ಲಿ ಮಲಗುವ ಬೆಕ್ಕನ್ನು ವಿದ್ಯಾರ್ಥಿ ಸಂಘದ ಚುನಾವಣೆಗೆ ನಿಲ್ಲಿಸಿದೆ. ನಾಮಪತ್ರದ ಮೇಲೆ ಅದರ ಪಂಜ ಒತ್ತಿಸಿದೆ. ನೋವು ತಿಳಿಯುವ ಜೀವ ಯಾವುದಾದರೂ ಲೆಕ್ಕಕ್ಕೆ ಬರಲೇಬೇಕು ಎಂದು ತರಗತಿಯಲ್ಲಿ ಮೇಜು ಕುಟ್ಟಿ ಹೇಳಿದವರು ತಾವು. ಬೆಕ್ಕು ಗೆದ್ದದ್ದು ನನ್ನ ತಪ್ಪಲ್ಲ. ಎದುರಾಳಿಗಳ ಭಾಷಣವನ್ನು ತಾವೂ ಕೇಳಿದ್ದೀರಿ.

ನನ್ನ ಜೊತೆಗಿದ್ದ ಇಬ್ಬರಿಗೆ ಕೊಟ್ಟ ಶಿಕ್ಷೆಯನ್ನೇ ನನಗೂ ಕೊಟ್ಟಿರಿ. 'ಲೆಕ್ಕದಲ್ಲಿ ಒಬ್ಬರಿಗೆ ಒಂದೇ. ಮಗಳಾದರೂ ಒಂದೇ' ಎಂದಿರಿ. ಸರಿ. ಒಂದು ಎನ್ನುವ ಆ ಸಂಖ್ಯೆ ಈಗ ಮನೆ ಬಿಟ್ಟು ಬಂದು ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಿದೆ. ಊರಿನ ಸಮಸ್ತ ರೋಗಿಗಳೂ ಹೋಟೆಲಿನ ಸಮಸ್ತ ಅತಿಥಿಗಳೂ ನಾನು ನೆರಿಗೆ ತೆಗೆದ ಹಾಸಿಗೆ ಬಟ್ಟೆಯ ಮೇಲೆ ಮಲಗುತ್ತಾರೆ. ತತ್ವಶಾಸ್ತ್ರದಿಂದ ಇಷ್ಟು ಜನಕ್ಕೆ ನಿದ್ದೆ ಬಂದದ್ದು ನನಗೆ ಗೊತ್ತಿಲ್ಲ. ಅಲ್ಲ, ತಮ್ಮ ಮಧ್ಯಾಹ್ನದ ತರಗತಿಯೊಂದನ್ನು ಬಿಟ್ಟರೆ.

ಉದ್ದನೆಯ ಕೋಣೆ. ಸಾಲಾಗಿ ಹನ್ನೆರಡು ಮೇಜು, ಮೇಜಿಗೊಬ್ಬಳು. ಒಂದು ತುದಿಗೆ ಕಿಟಕಿ, ಇನ್ನೊಂದು ತುದಿಗೆ ಗೋಡೆ. ಗೋಡೆಯ ಆಚೆ ಬಾಯ್ಲರ್. ಆ ಗೋಡೆಗೆ ಬೆನ್ನು ತಾಗಿದರೆ ಚುರ್ ಎನ್ನುತ್ತದೆ. ಅಲ್ಲಿರುವುದೇ ಮೂಲೆ ಮೇಜು. ಇಲ್ಲಿನ ಕಟ್ಟಳೆ ಏನೆಂದರೆ, ಹೊಸಬಳು ಮೂಲೆಗೆ. ಇನ್ನೊಬ್ಬ ಹೊಸಬಳು ಬಂದಾಗ ಒಂದು ಮೇಜು ಕಿಟಕಿಯ ಕಡೆಗೆ. ಹಾಗೆ ಬೇಯುತ್ತ ಬೇಯುತ್ತ ಮೇಲೇರಬೇಕು. ಕಿಟಕಿಯ ಬಳಿಯ ಮೊದಲ ಮೇಜಿನಲ್ಲಿ ದೊಡ್ಡಮ್ಮ ಇದ್ದಾರೆ. ಸಂಬಂಧದಿಂದಲ್ಲ, ಗಂಟಲಿನಿಂದ ದೊಡ್ಡಮ್ಮ.

ಕಟ್ಟಳೆಯಂತೆ ಮೂಲೆ ನನಗೆ ಬರಬೇಕಿತ್ತು. ಆದರೆ ಅಲ್ಲಿದ್ದವಳು, ಎಲ್ಲರೂ ಮೂಲೆಯಕ್ಕ ಅನ್ನುತ್ತಾರೆ, ನನ್ನ ಅಂಗೈ ತಿರುಗಿಸಿ ನೋಡಿ, "ಇದು ಪುಸ್ತಕ ಹಿಡಿದ ಕೈ. ನೀನು ಆ ಕಡೆ ನಿಂತ್ಕೋ, ನಾನಿಲ್ಲೇ ಇರ್ತೀನಿ" ಅಂದಳು. ನನಗಿಂತ ಮುಂಚೆ ಬಂದವಳಿಗೆ ಕೂಸಿತ್ತಂತೆ, ಅವಳಿಗಿಂತ ಮುಂಚಿನವಳಿಗೆ ಉಬ್ಬಸವಂತೆ. ಹೀಗೆ ಬಂದವರನ್ನೆಲ್ಲ ಮುಂದೆ ಕಳಿಸುತ್ತ ಅವಳು ವರ್ಷಗಟ್ಟಲೆ ಮೂಲೆಯಲ್ಲೇ ಉಳಿದಿದ್ದಾಳೆ.

ಇತಿ ತಮ್ಮ,
ಒಂದಕ್ಕಿಂತ ಹೆಚ್ಚಲ್ಲದವಳು


೧೪ ಫೆಬ್ರವರಿ

ಮಗಳೇ,

ಪತ್ರ ಬಂತು. ನಿದ್ದೆಯ ವಿಷಯವಾಗಿ ನೀನು ಬರೆದದ್ದನ್ನು ಓದಿದೆ. ಕೊನೆಯ ಬೆಂಚಿನಲ್ಲಿ ಕೂತವರು ತರಗತಿಯ ಬಗ್ಗೆ ತೀರ್ಪು ಕೊಡುವಾಗ ಸಾಕ್ಷ್ಯ ದುರ್ಬಲವಾಗಿರುತ್ತದೆ.

ನಿನಗೊಬ್ಬಳಿಗೆ ವಿನಾಯಿತಿ ಕೊಟ್ಟಿದ್ದರೆ ಮಿಕ್ಕ ಇಬ್ಬರ ತಂದೆಯರ ಮುಖ ನಾನು ನೋಡುವಂತಿರಲಿಲ್ಲ. ಇದನ್ನು ಮೊದಲೂ ಹೇಳಿದ್ದೆ. ನೀನು ಕದ ಹಾಕಿಕೊಂಡಿದ್ದೆ. ಕದಕ್ಕೆ ಹೇಳಿದೆ.

ಬಾಯ್ಲರ್ ಗೋಡೆಯಿಂದ ದೂರ ಇರು.

ಅಪ್ಪ

ಪುಟ್ಟಿ, ನಾನು ಅಮ್ಮ. ಇವರು ಜಾಗ ಬಿಟ್ಟಿದ್ದಾರೆ ಅಂತ ಬರೀತಿದೀನಿ. ಸರಿಯಾಗಿ ಉಣ್ಣು. 'ಕದಕ್ಕೆ ಹೇಳಿದೆ' ಅನ್ನೋ ಸಾಲು ಬರೆಯೋಕೆ ಇಡೀ ಬೆಳಿಗ್ಗೆ ತಗೊಂಡ್ರು.


೯ ಮಾರ್ಚ್

ಪರಮ ನಿಷ್ಪಕ್ಷಪಾತಿಗಳಾದ ಅಪ್ಪನವರಿಗೆ,

ತಮಗೊಂದು ಸಂತೋಷದ ಸುದ್ದಿ. ತಮ್ಮ ಶಿಷ್ಯನೊಬ್ಬ ಇಲ್ಲಿದ್ದಾನೆ.

ಮೊನ್ನೆ ಮೂಲೆಯಕ್ಕ ತಲೆ ತಿರುಗಿ ಬಿದ್ದಳು. ಬಿಸಿ ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಇತ್ತು. ಪಕ್ಕದ ಮೇಜಿನವಳು ನಾನಾದ್ದರಿಂದ ಮೊದಲು ಪೆಟ್ಟಿಗೆ ಹಿಡಿಯಲೋ ಅಕ್ಕನನ್ನು ಹಿಡಿಯಲೋ ತಿಳಿಯದೆ ಎರಡನ್ನೂ ಹಿಡಿದೆ. ನನ್ನ ಮುಂಗೈ ಮೇಲೆ ಪದಕದ ಹಾಗೆ ಒಂದು ಬೊಬ್ಬೆ ಇದೆ, ಅಮ್ಮನಿಗೆ ಹೇಳಬೇಡಿ. ಅಕ್ಕ ಕಣ್ಣು ಬಿಟ್ಟದ್ದೇ ತಡ, "ಹೊದಿಕೆ ಸುಟ್ಟಿಲ್ಲ ತಾನೆ?" ಅಂದಳು. ನೀರು ಕುಡಿದು ಮತ್ತೆ ಅದೇ ಮೇಜಿಗೆ.

ಬಿಡುವಿನಲ್ಲಿ ನಾನು ಸ್ಟೂಲಿನ ಮೇಲೆ ನಿಂತು ಮಹಾಸಭೆ ಕರೆದೆ. ದಿನಕ್ಕೊಬ್ಬರಂತೆ ಸರದಿ ಮೇಲೆ ಮೂಲೆಗೆ ನಿಲ್ಲೋಣ ಎಂಬುದು ನನ್ನ ಮಸೂದೆ.

"ಕಾಲೇಜಿನ ಗಾಳಿ ಇಲ್ಲಿಗೂ ತಂದ್ಯಾ?" ಅಂದರು ದೊಡ್ಡಮ್ಮ. "ನಾನು ಆ ಮೂಲೆ ದಾಟಿ ಬಂದವಳು. ನನ್ನ ಪಾಲಿನದು ಬೆಂದಾಯ್ತು."

"ಆಗ ಬಾಯ್ಲರ್ ಚಿಕ್ಕದಿತ್ತಂತೆ, ದೊಡ್ಡಮ್ಮ."

"ನಾನೂ ಚಿಕ್ಕವಳಿದ್ದೆ. ಇಳಿ ಕೆಳಗೆ, ಸ್ಟೂಲು ಮುರಿದೀತು."

ಮೇಲ್ವಿಚಾರಕರು ಬಂದರು. ಮಾತಿಗೆ ಮುಂಚೆ ಸೀಟಿ ಊದುತ್ತಾರಾದ್ದರಿಂದ ಅವರು ಸೀಟಿ ಸಾರ್. ಊದಿದರು, ಕೈ ಎತ್ತಿಸಿದರು, ಎಣಿಸಿದರು. ಸರದಿ ಬೇಕೆಂದದ್ದು ನನ್ನದೊಂದೇ ಕೈ. ಬೇಡವೆಂದವು ಹನ್ನೊಂದು. ಅದರಲ್ಲಿ ಮೂಲೆಯಕ್ಕನ ಕೈಯೂ ಇತ್ತು ಅಪ್ಪ. "ನಂಗೆ ಒಗ್ಗಿಹೋಗಿದೆ ಬಿಡೇ" ಅಂದಳು.

ಆಗ ಸೀಟಿ ಸಾರ್ ತೀರ್ಪು ಕೊಟ್ಟರು. "ಹನ್ನೊಂದು ಜನ ಆರಾಮಾಗಿದ್ದಾರೆ. ಒಬ್ಬರಿಗೆ ಒಂಚೂರು ಸೆಕೆ. ಹೆಚ್ಚು ಜನಕ್ಕೆ ಹೆಚ್ಚು ಸುಖ. ಇದಕ್ಕಿಂತ ನ್ಯಾಯ ಎಲ್ಲಿ ಸಿಗುತ್ತೆ?"

ಅದು ತಮ್ಮದೇ ಮಾತು. ಚಿಕ್ಕಂದಿನಿಂದ ಊಟದ ಜೊತೆ ಕೇಳಿದ ಮಾತು. ಅವರ ಬಾಯಲ್ಲಿ ಅದು ಎಷ್ಟು ಸಲೀಸಾಗಿ ಕೂತಿತ್ತು ಅಂದರೆ, ಅವರಿಗೆ ತಮ್ಮ ಕುರ್ಚಿಯನ್ನೇ ಕೊಡಬಹುದು. ನನಗೆ ಮಾತ್ರ ಆ ಹೊತ್ತು ತಮ್ಮ ಸಿದ್ಧಾಂತದ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಇಡಬೇಕು ಅನಿಸಿತು.

ಇನ್ನೊಂದು ಸಲ ಅವಳು ಬಿದ್ದರೆ ನಾನು ಹಿಡಿಯಲಾರೆನೇನೋ.

ಸೋತ ಅಭ್ಯರ್ಥಿ
(ಬೆಕ್ಕಿಗಿಂತಲೂ ಕಡಿಮೆ ಮತ ಪಡೆದವಳು)


೧೫ ಮಾರ್ಚ್

ಮಗಳೇ,

ಅವನು ನನ್ನ ಶಿಷ್ಯನಲ್ಲ. ಪರೀಕ್ಷೆಗೆ ಕೂತಿದ್ದರೆ ಫೇಲು ಮಾಡುತ್ತಿದ್ದೆ.

ಕೈ ಎಣಿಸುವುದು ಬೇರೆ, ನೋವು ತೂಗುವುದು ಬೇರೆ. ಹನ್ನೊಂದು ಜನರ ಒಂದು ಚಿಟಿಕೆ ಅನುಕೂಲ ಒಂದು ಕಡೆ, ಒಬ್ಬಳು ಪ್ರಜ್ಞೆ ತಪ್ಪಿ ಬೀಳುವುದು ಇನ್ನೊಂದು ಕಡೆ. ತಕ್ಕಡಿಯಲ್ಲಿ ಇಡಬೇಕಾದದ್ದು ತಲೆಗಳನ್ನಲ್ಲ. ಒಬ್ಬರಿಗೆ ಒಂದೇ ಎಣಿಕೆ ಅಂದರೆ ಅವಳ ಬೆನ್ನಿನ ಉರಿಯನ್ನು ನಿನ್ನ ದೊಡ್ಡಮ್ಮನ ಬೆನ್ನಿನ ಉರಿಯಷ್ಟೇ ನಿಜ ಎಂದು ಒಪ್ಪುವುದು. ಅಷ್ಟೇ ಅದರ ಅರ್ಥ. ಜೊತೆಗೆ ಇನ್ನೊಂದು ಗಮನಿಸು: ಮೂಲೆಯಲ್ಲಿ ಮೊದಲ ದಿನದ ಸೆಕೆಗಿಂತ ಹನ್ನೆರಡನೆಯ ದಿನದ್ದು ಹೆಚ್ಚು ಸುಡುತ್ತದೆ. ಹಾಗಾಗಿ ಅದೇ ಸೆಕೆಯನ್ನು ಹನ್ನೆರಡು ಜನರಿಗೆ ಹಂಚಿದರೆ ಒಟ್ಟು ನೋವೇ ಕಡಿಮೆಯಾಗುತ್ತದೆ. ನಿನ್ನ ಸೀಟಿ ಸಾರ್ ಲೆಕ್ಕದಲ್ಲೂ ತಪ್ಪಿದ್ದಾನೆ.

ಅವಳೇ ಬೇಡವೆಂದು ಕೈ ಎತ್ತಿದಳಲ್ಲ ಅನ್ನುತ್ತೀಯ. ಬಹಳ ಕಾಲ ಮೂಲೆಯಲ್ಲಿ ನಿಂತವರು ತಮ್ಮ ಆಸೆಯನ್ನೂ ಮೂಲೆಯ ಅಳತೆಗೆ ಕತ್ತರಿಸಿಕೊಂಡಿರುತ್ತಾರೆ. ಆ ಕೈಯನ್ನು ನಾನು ನಂಬುವುದಿಲ್ಲ.

ತರಗತಿಯಲ್ಲಿ ನಾನೊಂದು ಪ್ರಶ್ನೆ ಕೇಳುವುದುಂಟು. (ಆ ದಿನ ನೀನು ಬೆಕ್ಕಿನ ಪ್ರಚಾರಕ್ಕೆ ಹೋಗಿದ್ದೆ.) ಯಾವ ಮೇಜು ತನ್ನ ಪಾಲಿಗೆ ಬರುತ್ತದೆ ಎಂದು ತಿಳಿಯದವಳು ಯಾವ ನಿಯಮ ಬೇಕು ಅನ್ನುತ್ತಾಳೆ? ಅವಳು ಆರಿಸಿದ ನಿಯಮವೇ ನ್ಯಾಯ. ಇದು ಬರೀ ಊಹೆ. ನಿಜವಾದ ಕೋಣೆಯಲ್ಲಿ ಎಲ್ಲರಿಗೂ ತಂತಮ್ಮ ಮೇಜು ಗೊತ್ತಿರುತ್ತದೆ. ಆದ್ದರಿಂದಲೇ ರಾಜಕೀಯ ಇಷ್ಟು ಕಷ್ಟ.

ಬೊಬ್ಬೆಗೆ ತಣ್ಣೀರು ಹಾಕಿದೆಯಾ?

ಅಪ್ಪ

ಯಾವ ಬೊಬ್ಬೆ? — ಅಮ್ಮ


೧೧ ಏಪ್ರಿಲ್

ಜಗತ್ತಿನ ತಕ್ಕಡಿಯನ್ನು ಹಿಡಿದು ನಿಂತ ಅಪ್ಪನವರ ಪಾದಗಳಿಗೆ ವಿಜಯ ವಾರ್ತೆ.

ತಮ್ಮ ಊಹೆಯನ್ನು ನಾನು ಮಾಡಿ ನೋಡಿದೆ. ದಯವಿಟ್ಟು ಕೂತುಕೊಂಡು ಓದಿ.

ನೆಲದ ಕೆಳಗಿನ ನೀರಿನ ಕೊಳವೆ ಒಡೆದು ಹನ್ನೆರಡು ಮೇಜನ್ನೂ ಅಂಗಳಕ್ಕೆ ಹೊರಬೇಕಾಯಿತು. ರಿಪೇರಿ ಮುಗಿದು ಮೇಜುಗಳು ಒಳಗೆ ಹೋಗುವ ಮುನ್ನ ನಾನು ಸೀಟಿ ಸಾರ್ ಹತ್ತಿರ ಹೋಗಿ, ಆದಷ್ಟು ಮುಖ ಸಪ್ಪೆ ಮಾಡಿಕೊಂಡು, "ಸಾರ್, ಹೇಗೂ ಎಲ್ಲ ಎತ್ತಿದ್ದಾಗಿದೆ. ಚೀಟಿ ಎತ್ತಿ ಮೇಜು ಹಂಚಿದರೆ ಜಗಳವೇ ಇರಲ್ಲ" ಅಂದೆ. ಜಗಳವಿಲ್ಲ ಎಂಬ ಮಾತಿಗೆ ಅವರು ಕರಗಿಹೋಗುತ್ತಾರೆ. ಅಕ್ಷರ ಚೆನ್ನಾಗಿದೆ ಎಂದು ಚೀಟಿ ಬರೆಯುವ ಭಾರವೂ ನನ್ನ ಮೇಲೇ ಬಿತ್ತು. ನಾನು ಬೇಡವೆನ್ನಲಿಲ್ಲ.

ದಿಂಬಿನ ಚೀಲದಲ್ಲಿ ಚೀಟಿ ಕುಲುಕಿದೆ. ತಮ್ಮ ಪರೀಕ್ಷಾ ಮಂಡಳಿಯವರೇ ನಾಚುವಂಥ ಗಾಂಭೀರ್ಯದಿಂದ ನಿಯಮ ಓದಿದೆ: ಚೀಟಿಯನ್ನು ತಾವೊಬ್ಬರೇ ನೋಡತಕ್ಕದ್ದು, ಬಾಯಿ ಬಿಟ್ಟವರ ಚೀಟಿ ರದ್ದು. ಎಲ್ಲರೂ ನೋಡಿಕೊಂಡ ಮೇಲೆ ಮತ ಹಾಕುವುದು. ಬಂದ ಮೇಜು ಶಾಶ್ವತವೋ, ದಿನಕ್ಕೊಂದರಂತೆ ಸರದಿಯೋ?

ಒಬ್ಬೊಬ್ಬರಾಗಿ ಬಿಡಿಸಿದರು. ದೊಡ್ಡಮ್ಮನ ಮುಖ ನೀವು ನೋಡಬೇಕಿತ್ತು. ಒಣಗಲು ಹಾಕಿದ ಹೊದಿಕೆ ಹಗ್ಗದಿಂದ ಜಾರಿದಂತೆ ಜಾರಿತು. ಕೂಸಿನ ತಾಯಿ ಮೆಲ್ಲಗೆ ತನ್ನ ಬೆನ್ನು ಮುಟ್ಟಿ ನೋಡಿಕೊಂಡಳು. ಉಬ್ಬಸದವಳು ಆಗಲೇ ಕೆಮ್ಮಲು ಶುರು ಮಾಡಿದಳು. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ.

"ನನಗೇನು, ಯಾವ ಮೇಜಾದರೂ ಸರಿ," ಅಂದರು ದೊಡ್ಡಮ್ಮ, ಗಂಟಲು ಸರಿಮಾಡಿಕೊಂಡು. "ಆದರೆ ಪಾಪ, ಮೂಲೆ ಬಂದವಳ ಗತಿ? ನಾವೂ ಮನುಷ್ಯರಲ್ವಾ? ಸರದಿಯೇ ಇರಲಿ."

ಸರದಿಗೆ ಹನ್ನೊಂದು ಕೈ. ಸೀಟಿ ಸಾರ್ ಎರಡು ಸಲ ಎಣಿಸಿದರು, ಊದುವುದನ್ನೇ ಮರೆತರು.

ತಮಗೆ ಅರ್ಥವಾಗಿರಬೇಕು. ಎಲ್ಲ ಚೀಟಿಯಲ್ಲೂ ನಾನು 'ಮೂಲೆ' ಎಂದೇ ಬರೆದಿದ್ದೆ. ಮತ ಮುಗಿದದ್ದೇ, 'ಸರದಿ ಬಂದ ಮೇಲೆ ಇದೇಕೆ' ಎಂದು ಚೀಟಿಗಳನ್ನೆಲ್ಲ ವಾಪಸು ಪಡೆದು ಬಾಯ್ಲರಿಗೆ ಅರ್ಪಿಸಿದೆ. ಒಂದು ಮಾತ್ರ ಸಿಗಲಿಲ್ಲ. ಮೂಲೆಯಕ್ಕ ತನ್ನ ಚೀಟಿ ನೋಡಿ, ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡು, "ನಂಗಿದೇ ಬರುತ್ತೆ ಅಂತ ಗೊತ್ತಿತ್ತು" ಅಂದಳು, ತನಗೆ ತಾನೇ. ಆಮೇಲೆ ಕೈಯನ್ನೂ ಎತ್ತಲಿಲ್ಲ.

ಇರಲಿ. ಗೆದ್ದೆವು. ಮುಂದಿನ ತಿಂಗಳ ಮೊದಲ ದಿನದಿಂದ ಸರದಿ.

ಅಭಿನಂದನೆಯನ್ನು ಮರಳಿ ಅಂಚೆಯಲ್ಲಿ ಕಳಿಸುವುದು.

ಇತಿ,
ಪ್ರಾಯೋಗಿಕ ತತ್ವಶಾಸ್ತ್ರ ವಿಭಾಗದ ಏಕೈಕ ಮುಖ್ಯಸ್ಥೆ


೧೭ ಏಪ್ರಿಲ್

ಮಗಳೇ,

ನಕ್ಕೆ. ನಿನ್ನಮ್ಮ ಒಳಗಿನಿಂದ ಏನಾಯಿತೆಂದು ನೋಡಲು ಬಂದಳು, ಅಷ್ಟು ನಕ್ಕೆ.

ಅಭಿನಂದನೆ ಕಳಿಸುತ್ತಿಲ್ಲ.

ಒಳ್ಳೆಯದಕ್ಕಾಗಿ ಹೇಳಿದ ಸುಳ್ಳು ತಪ್ಪೇ ಎಂದು ನನ್ನನ್ನು ಕೇಳುವವರು ಬಹಳ. ಫಲ ನೋಡಿ ಹೇಳುತ್ತೇನೆ ಎಂಬುದೇ ನನ್ನ ಉತ್ತರ ಎಂದು ನಿನಗೂ ಗೊತ್ತು, ಅದನ್ನೇ ನಂಬಿ ನೀನು ಈ ಆಟ ಹೂಡಿದ್ದೀಯ. ಹಾಗಾದರೆ ಪೂರ್ತಿ ಫಲ ನೋಡು. ನಾಳೆ ಇದು ಬಯಲಾದರೆ ಸರದಿಯೂ ಮುರಿಯುತ್ತದೆ, ಇನ್ನು ಮುಂದೆ ಆ ಕೋಣೆಯಲ್ಲಿ ಯಾವ ಚೀಟಿಯನ್ನೂ ಯಾರೂ ನಂಬುವುದಿಲ್ಲ. ಗುಟ್ಟಾಗಿಟ್ಟರೆ ಮಾತ್ರ ಉಳಿಯುವ ಒಳ್ಳೆಯದನ್ನು ನಾನು ಎರಡೆರಡು ಸಲ ಅನುಮಾನಿಸುತ್ತೇನೆ. ನಿಯಮ ಎಂಬುದು ಹಗಲಲ್ಲಿ ನಿಲ್ಲಬೇಕು.

ಇನ್ನೂ ಒಂದು. ಹನ್ನೆರಡು ಜನರಲ್ಲಿ ಒಬ್ಬಳಿಗೆ ನಿನ್ನ ಚೀಟಿ ಹೊಸ ಸುದ್ದಿಯಾಗಿರಲಿಲ್ಲ. ತನ್ನ ಹಣೆಬರಹವೇ ಹೀಗೆ ಎಂದು ಅವಳಿಗೆ ಬರವಣಿಗೆಯಲ್ಲಿ ಕೊಟ್ಟಿದ್ದೀಯ. ಅವಳು ಅದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದಾಳೆ.

ಹೇಳಿಬಿಡು. ಆಮೇಲೆ ಮತ್ತೆ ಕೈ ಎತ್ತಿಸು.

ಅಪ್ಪ

ಅಪ್ಪನ ಮಾತು ಕಟ್ಟಿಕೊಂಡು ಕೆಲಸ ಕಳ್ಕೊಬೇಡ. ಆದರೆ ಆ ಅಕ್ಕನ ಹತ್ತಿರ ಇರೋ ಚೀಟಿ ವಾಪಸು ತಗೋ. — ಅಮ್ಮ


೨ ಮೇ

ಅಪ್ಪ,

ಮೂರು ದಿನ ತಮ್ಮ ಪತ್ರಕ್ಕೆ ಬಯ್ದುಕೊಂಡು ಓಡಾಡಿದೆ. ಗೆದ್ದ ಚುನಾವಣೆಯನ್ನು ವಾಪಸು ಕೊಡಿ ಎನ್ನುವ ತಂದೆ ಲೋಕದಲ್ಲಿ ಇನ್ನೊಬ್ಬರು ಇರಲಾರರು. ಬೆಕ್ಕಿಗೂ ಹೀಗೇ ಮಾಡಿದಿರಿ.

ಸರದಿ ಶುರುವಾಗುವ ಹಿಂದಿನ ದಿನ ಬಿಡುವಿನಲ್ಲಿ ಸ್ಟೂಲು ಹತ್ತಿದೆ. ಭಾಷಣ ಸಿದ್ಧ ಮಾಡಿಕೊಂಡಿದ್ದೆ. 'ಮಾನ್ಯ ಮತದಾರರೇ' ಅಂದದ್ದಷ್ಟೇ, ಮುಂದೆ ಹೊರಡಲಿಲ್ಲ. ಅಕ್ಕನ ಕಡೆ ತಿರುಗಿ, "ಅಕ್ಕ, ಆ ಚೀಟಿ ನಿಂಗೊಬ್ಬಳಿಗೇ ಬಂದದ್ದಲ್ಲ. ಎಲ್ಲರಿಗೂ ಅದೇ ಬಂದಿತ್ತು. ನಾನೇ ಬರೆದದ್ದು" ಅಂದೆ.



ಒದ್ದೆ ದಿಂಬಿನ ಚೀಲ ಎಷ್ಟು ಭಾರ ಇರುತ್ತದೆ ಎಂಬುದು ಆಮೇಲೆ ತಿಳಿಯಿತು. ದೊಡ್ಡಮ್ಮ ಅದನ್ನು ಬೀಸಿ ನನ್ನ ಬೆನ್ನಿಗೆ ಬಾರಿಸಿದರು. "ಕಳ್ಳಿ. ಒಂದು ಗಂಟೆ ನಾನು ಸತ್ತುಹೋಗಿದ್ದೆ. ಆ ಗೋಡೆ ನೆನೆಸ್ಕೊಂಡು ಊಟ ಸೇರಲಿಲ್ಲ ನಂಗೆ ಆವತ್ತು."

"ಹಂಗಾದ್ರೆ ಆ ಮತ ಬಿದ್ದುಹೋಯ್ತು," ಅಂದರು ಸೀಟಿ ಸಾರ್. ಅವರಿಗೆ ಒಳಗೊಳಗೇ ಖುಷಿ. "ಎಲ್ಲ ಮೊದಲಿನ ಹಾಗೇ. ಹೋಗಿ, ಹೋಗಿ."

ಯಾರೂ ಹೋಗಲಿಲ್ಲ. ಅಕ್ಕ ಜೇಬಿನಿಂದ ಚೀಟಿ ತೆಗೆದು ನೋಡುತ್ತಿದ್ದಳು, ಈಗ ತಾನೇ ಓದುತ್ತಿರುವ ಹಾಗೆ.

ದೊಡ್ಡಮ್ಮ ಅವಳನ್ನೇ ನೋಡುತ್ತ ನಿಂತರು. ಆಮೇಲೆ ದಿಂಬಿನ ಚೀಲ ಕೆಳಗಿಟ್ಟು ಹೇಳಿದರು: "ಚೀಟಿ ಸುಳ್ಳಿರಬಹುದು. ನನ್ನ ಬೆನ್ನು ಉರಿದದ್ದು ಸುಳ್ಳಲ್ಲ. ನಂಗೊಂದು ಗಂಟೆ. ಇವಳಿಗೆಷ್ಟು ವರ್ಷ ಆಯ್ತೇ?"

ಉತ್ತರ ಯಾರಿಗೂ ಗೊತ್ತಿರಲಿಲ್ಲ ಅಪ್ಪ. ಯಾರೂ ಕೇಳಿಯೇ ಇರಲಿಲ್ಲ.

"ಸೀಟಿ ಊದಿ ಸಾರ್," ಅಂದರು ದೊಡ್ಡಮ್ಮ. "ಇನ್ನೊಂದು ಸಲ ಎಣಿಸಿ."

ಚೀಟಿಯಿಲ್ಲ, ಚೀಲವಿಲ್ಲ, ಎಲ್ಲರಿಗೂ ತಂತಮ್ಮ ಮೇಜು ಗೊತ್ತು. ಹಾಡುಹಗಲು. ಹನ್ನೊಂದು ಕೈ ಎದ್ದವು. ಎದ್ದಿರದ ಕೈ ಅಕ್ಕನದ್ದೇ. "ನನಗೋಸ್ಕರ ನಾನೇ ಹೆಂಗೆ ಎತ್ತಲಿ, ನಾಚಿಕೆ ಆಗುತ್ತೆ" ಅಂದಳು.

ಬಾಯಿಗೆ ಬಂದದ್ದು ತಮ್ಮ ಮಾತೇ. "ಅಕ್ಕ, ಲೆಕ್ಕದಲ್ಲಿ ಒಬ್ಬರಿಗೆ ಒಂದು. ನಿಂದೂ ಒಂದು. ಬಿಟ್ಟರೆ ಲೆಕ್ಕ ತಪ್ಪುತ್ತೆ."

ಅವಳು ಯೋಚಿಸುತ್ತಿರುವಾಗಲೇ ದೊಡ್ಡಮ್ಮ ಅವಳ ಮಣಿಕಟ್ಟು ಹಿಡಿದು ಮೇಲೆತ್ತಿ ನಿಲ್ಲಿಸಿದರು. ದೊಡ್ಡಮ್ಮ ಬಿಟ್ಟ ಮೇಲೂ ಆ ಕೈ ಕೆಳಗಿಳಿಯಲಿಲ್ಲ.

ಹನ್ನೆರಡಕ್ಕೆ ಹನ್ನೆರಡು. ಬೆಕ್ಕಿಗೂ ನೂರಕ್ಕೆ ನೂರು ಬಿದ್ದಿರಲಿಲ್ಲ.

ಮೊದಲ ಸರದಿ ದೊಡ್ಡಮ್ಮನದು, ಕೇಳಿ ತೆಗೆದುಕೊಂಡರು.

ನಿಮ್ಮ ಮಗಳು


೧೨ ಮೇ

ಮಗಳೇ,

ಅಭಿನಂದನೆ.

ತರಗತಿಯಲ್ಲಿ ನಿನ್ನ ಪತ್ರದ ಅರ್ಧ ಓದಿದೆ. ಯಾರು ಬರೆದದ್ದೆಂದು ಹೇಳಿರಲಿಲ್ಲ. ಹಿಂದಿನ ಬೆಂಚಿನ ನಿನ್ನ ಗೆಳೆಯರಿಬ್ಬರು, ಅವರನ್ನು ಈಗಲೂ ಒಳಗೆ ಸೇರಿಸುವಂತಿಲ್ಲವಾದ್ದರಿಂದ ಕಿಟಕಿಯ ಹೊರಗೆ ನಿಂತು ಕೇಳುತ್ತಾರೆ, ಚಪ್ಪಾಳೆ ತಟ್ಟಿದರು. ಗುರುತು ಹಿಡಿದರೆಂದು ಕಾಣುತ್ತದೆ. ನಾನು ಅವರನ್ನು ನೋಡದಂತೆ ಇರುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ನಿನ್ನ ಜಯದಿಂದ ಆದ ಸಂತೋಷದ ಲೆಕ್ಕ ಹಾಕುವಾಗ ನನ್ನದನ್ನೂ ಒಂದೇ ಎಂದು ಹಾಕಿದ್ದೇನೆ. ಲೆಕ್ಕ ಕೂಡುತ್ತಿಲ್ಲ.

ಅಪ್ಪ

ಪುಟ್ಟಿ, ಇವರು ಹೇಳಲ್ಲ, ನಾನು ಹೇಳ್ತೀನಿ. ಚುನಾವಣೆ ಗೆದ್ದ ಆ ಬೆಕ್ಕನ್ನ ಪ್ರಿನ್ಸಿಪಾಲರು ಓಡಿಸಿದ ದಿನವೇ ಇವರು ಛತ್ರಿಯಲ್ಲಿ ಸುತ್ತಿಕೊಂಡು ಮನೆಗೆ ತಂದ್ರು. ನಿನ್ನ ಮಂಚದ ಮೇಲೇ ಮಲಗುತ್ತೆ. ದಿನಾ ಹಾಲು ಕಾಯಿಸಿ ಆರಿಸಿ ಕೊಡ್ತಾರೆ. ನಂಗೆ ಇಷ್ಟು ವರ್ಷದಲ್ಲಿ ಒಂದು ಲೋಟ ನೀರು ಕೊಟ್ಟಿದ್ದು ನೆನಪಿಲ್ಲ. — ಅಮ್ಮ


೨೦ ಜೂನ್

ಬೆಕ್ಕಿನ ಪಾಲಕರೂ, ಕಿಟಕಿಯ ಕಡೆ ನೋಡದವರೂ ಆದ ಅಪ್ಪನವರಿಗೆ,

ಸಂಪೂರ್ಣ ವಿಜಯ. ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಹೇಳುವ ಸುಖವೂ ಲೆಕ್ಕಕ್ಕೆ ಸೇರುತ್ತದೆ.

ವರ್ಷಗಟ್ಟಲೆ ಆ ಗೋಡೆಯ ಬಗ್ಗೆ ಯಾರೂ ದೂರಲಿಲ್ಲ, ಏಕೆಂದರೆ ಅದು ಗೊತ್ತಿದ್ದದ್ದು ಒಂದೇ ಬೆನ್ನಿಗೆ, ಆ ಬೆನ್ನಿಗೆ ಬಾಯಿ ಇರಲಿಲ್ಲ. ಸರದಿ ಒಂದು ಸುತ್ತು ಮುಗಿಯುವಷ್ಟರಲ್ಲಿ ಹನ್ನೆರಡು ಬೆನ್ನಿಗೂ ಗೊತ್ತಾಯಿತು. ಅದರಲ್ಲಿ ಒಂದಕ್ಕೆ ದೊಡ್ಡಮ್ಮನ ಬಾಯಿ ಇತ್ತು. ಎರಡನೆಯ ಸುತ್ತು ಶುರುವಾಗುವ ದಿನ ಅವರು ಮಾಲೀಕರ ಕೋಣೆಗೆ ನಡೆದರು, ಹಿಂದೆ ನಾವು ಸಾಲಾಗಿ.

"ಒಂದು ಮೇಜುಬಟ್ಟೆ ಇಸ್ತ್ರಿ ಮಾಡಿಕೊಡಿ ಸ್ವಾಮಿ, ಸಾಕು," ಅಂದರು. "ಮೂಲೇಲಿ ನಿಂತು."

ಮಾಲೀಕರು ನಕ್ಕರು, ಬಂದರು, ನಿಂತರು. ಅರ್ಧ ಮೇಜುಬಟ್ಟೆಗೆ ಕೋಟು ಬಿಚ್ಚಿದರು. ಮುಕ್ಕಾಲಕ್ಕೆ, "ಇದು ಯಾವಾಗಿನಿಂದ ಹೀಗಿದೆ?" ಅಂದರು. ಸೀಟಿ ಸಾರ್ ಕಡೆ ಎಲ್ಲರೂ ತಿರುಗಿದೆವು. ಅವರು ಸೀಟಿಯನ್ನು ಜೇಬಿನಲ್ಲಿ ಬಚ್ಚಿಡುತ್ತಿದ್ದರು.

ಈಗ ಗೋಡೆಗೆ ಶಾಖ ತಡೆಯುವ ದಪ್ಪ ಹೊದಿಕೆ ಬಂದಿದೆ. ಮೂಲೆಯಲ್ಲಿ ಬೀದಿ ಕಡೆಯ ಪಕ್ಕದ ಗೋಡೆ ಒಡೆದು ಒಂದು ಕಿಟಕಿ, ಅದರ ಮೇಲೆ ದೊಡ್ಡ ಫ್ಯಾನು. ಅಲ್ಲಿ ನಿಂತರೆ ಹಿಂದಿನ ಬೀದಿಯ ಮರ ಕಾಣುತ್ತದೆ, ಗಾಳಿಗೆ ಕೂದಲು ಹಾರುತ್ತದೆ. ಇಡೀ ಕೋಣೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಆದ್ದರಿಂದ ಸಹಜವಾಗಿ ಯುದ್ಧ ಶುರುವಾಯಿತು. "ನಾನು ಹಿರಿಯಳು, ಮೂಲೆ ನಂದು" ಎಂದು ದೊಡ್ಡಮ್ಮ ಹಳೇ ಕಟ್ಟಳೆಯನ್ನು ತಿರುಗಾಮುರುಗಾ ಮಾಡಿ ತಂದರು. ಉಬ್ಬಸದವಳು ಗಾಳಿ ತನಗೆ ಔಷಧಿ ಅಂದಳು. ನಾನು ಗಂಭೀರವಾಗಿ ಸ್ಟೂಲು ಹತ್ತಿ, ನಿಯಮ ನಿಯಮವೇ, ಸರದಿ ಮುಂದುವರಿಯತಕ್ಕದ್ದು ಅಂದೆ. ಮೂಲೆಯಕ್ಕ ಬಟ್ಟೆ ಮಡಚುತ್ತ, "ಬೇಯೋವಾಗ ಪೂರ್ತಿ ನಂದೇ ಆಗಿತ್ತು. ಗಾಳಿ ಬಂದ ಕೂಡಲೇ ನೋಡು, ಹನ್ನೆರಡು ಪಾಲು" ಅಂದು ನಕ್ಕಳು. ಅವಳು ನಕ್ಕದ್ದನ್ನು ನಾವು ಕೇಳಿದ್ದು ಅದೇ ಮೊದಲು. ದೊಡ್ಡದಾಗಿ ನಗುತ್ತಾಳೆ ಅಪ್ಪ, ಬಾಯ್ಲರ್ ಕೇಳಿಸದಷ್ಟು.

ನನ್ನ ಶಿಕ್ಷೆ ಈ ತಿಂಗಳ ಕೊನೆಗೆ ಮುಗಿಯುತ್ತದೆ. ನಾವು ಮೂವರೂ ಒಂದೇ ದಿನ ತರಗತಿಗೆ ಬರುತ್ತೇವೆ, ನಮ್ಮನ್ನು ಕಿಟಕಿಯಿಂದ ಒಳಗೆ ಸೇರಿಸಿಕೊಳ್ಳುವ ಏರ್ಪಾಡಾಗಲಿ. ಬೆಕ್ಕಿಗೆ ನನ್ನ ಮಂಚ ಬಿಡಲು ತಿಳಿಸಿ. ಒಪ್ಪದಿದ್ದರೆ ದಿನ ಬಿಟ್ಟು ದಿನ ಸರದಿ. ಅಮ್ಮನಿಗೊಂದು ಲೋಟ ನೀರು ಕೊಡಿ. ಇವತ್ತೇ.

ಇಲ್ಲಿ ನನ್ನ ಕೊನೆಯ ಕೆಲಸದ ದಿನ ಸೋಮವಾರ. ಅವತ್ತೇ ಮೂಲೆಯ ಸರದಿ ನನಗೆ ಬಂದಿದೆ. ಮೊದಲ ದಿನ ತನ್ನ ಅವಕಾಶ ನನಗೆ ಬಿಟ್ಟುಕೊಟ್ಟವಳು ಅಕ್ಕ. ಕೊನೆಯ ದಿನ ನಾನು ನನ್ನದನ್ನು ಅವಳಿಗೆ ಬಿಡಬೇಕು ಅಂದುಕೊಂಡು ಕೇಳಿದೆ. ಇಸ್ತ್ರಿಪೆಟ್ಟಿಗೆಯಿಂದ ತಲೆ ಎತ್ತದೆಯೇ ಬೇಡ ಅಂದಳು.

"ಒಬ್ಬರಿಗೆ ಒಂದೇ. ನಂದು ಗುರುವಾರ ಇದೆ."

ತಮ್ಮ ಶಿಷ್ಯೆಯೊಬ್ಬಳು ಇಲ್ಲಿದ್ದಾಳೆ ಅಪ್ಪ. ಈ ಸಲ ನಿಜವಾಗಿಯೂ.

ಸೋಮವಾರ ಗಾಳಿಗೆ ನಿಂತು, ಮಂಗಳವಾರ ಹೊರಟು ಬರುವ

ನಿಮ್ಮ ಒಂದು